ಬಿರುಕಿನ ಬಳಿಯ ಟಗರು

ಅಕ್ಟೋಬರ್ ಕೊನೆಯ ವಾರ ನಾರ್ವೆಯ ಹಳ್ಳಿಯೊಂದರಲ್ಲಿ ಫೆರಿಗೆ ಕಾಯುತ್ತಿದ್ದ ಅಂಚೆ ಹಂಚುವ ಬೊರ್ಗಿಲ್‌ಗೆ ಪಕ್ಕದವರ ಮಾತು ಕೇಳಿಸಿತು. ಒಬ್ಬಳು ಬೆಟ್ಟದ ಬಿರುಕು ಅಳೆಯುವ ಸಂಶೋಧಕಿ ರಾಗ್ನ್‌ಹಿಲ್. ಇನ್ನೊಬ್ಬ ಆ ಬೆಟ್ಟದ ಬುಡದಲ್ಲೇ ಮನೆಯಿರುವ ಕುರಿಗಾರ ಟೂರ್ಲೈವ್.

“ಟೂರ್ಲೈವಣ್ಣ, ಇವತ್ತೇ ಮನೆ ಖಾಲಿ ಮಾಡಿ. ಬಿರುಕು ಒಂದೇ ದಿನಕ್ಕೆ ಒಂಬತ್ತು ಮಿಲಿಮೀಟರ್ ಅಗಲ ಆಗಿದೆ.”

“ಏಳು ಸಲ ಖಾಲಿ ಮಾಡ್ಸಿದ್ರಿ. ಬೆಟ್ಟ ಬಿತ್ತಾ? ನೆಂಟರಿಗೂ ನಮ್ ಮುಖ ನೋಡಿ ಸಾಕಾಗಿದೆ.”

“ಈ ಸಲ ಹಾಗಲ್ಲ.”

“ನೀವು ನೆಟ್ಟಿರೋ ಅಳತೆ ಸರಳಿಗೆ ನನ್ ಟಗರು ಬೆನ್ನು ಉಜ್ಜಿರುತ್ತೆ, ಬಿಡಮ್ಮ. ಜುಲೈನಲ್ಲೂ ಅದೇ ಆಗಿತ್ತಲ್ಲ, ಊರೆಲ್ಲ ನಕ್ಕಿತ್ತು.”

“ನಾನೂ ನಕ್ಕಿದ್ದೆ. ಈಗ ಟಗರೆಲ್ಲಿದೆ?”

“ಕೊಟ್ಟಿಗೇಲಿ. ಸೆಪ್ಟೆಂಬರಲ್ಲೇ ಎಲ್ಲಾನೂ ಬೆಟ್ಟದಿಂದ ಇಳಿಸಿ…”

ಟೂರ್ಲೈವ್ ಮಾತು ನಿಲ್ಲಿಸಿ ಬೆಟ್ಟದ ಕಡೆ ನೋಡಿದ.

“ನಿನ್ ಗಾಡೀಲಿ ಎಷ್ಟು ಕುರಿ ಹಿಡಿಯುತ್ತೆ?”

“ಒತ್ತಿ ತುಂಬಿದ್ರೆ ಹನ್ನೆರಡು. ಮೊದಲು ಮನೇಲಿರೋ ಅತ್ತಿಗೇನ ಹತ್ತಿಸಿ.”

“ಅವಳು ಮುಂದಿನ ಸೀಟಲ್ಲಿ ಕೂರ್ತಾಳೆ. ನಡಿ, ನಡಿ!”

ಫೆರಿ ದಡ ಮುಟ್ಟುವಷ್ಟರಲ್ಲಿ ಇಬ್ಬರೂ ಗಾಡಿಯತ್ತ ಓಡುತ್ತಿದ್ದರು.