ಬೂಷ್ಟಕ್ಕನ ವರದಿ ಮತ್ತು ನಾನು ಬದಲಿಸಿದ ಚೀಟಿ

ವೇದಿಕೆಯ ಮೇಲಿರುವ ಮಾನ್ಯ ನಿರ್ದೇಶಕರೇ, ಮೊದಲ ಸಾಲಿನಲ್ಲಿ ಕುಳಿತಿರುವ ಬೂಷ್ಟಕ್ಕನ ಮಗಳೇ, ಪ್ರಯೋಗಾಲಯದ ಬಂಧುಗಳೇ, ಒಳಗೆ ಬರಲೋ ಬೇಡವೋ ಎಂದು ಬಾಗಿಲಿಗೆ ಒರಗಿ ನಿಂತಿರುವ ಉಗ್ರಾಣದ ಮಿತ್ರರೇ — ಎಲ್ಲರಿಗೂ ಭಾರವಾದ ಮನಸ್ಸಿನ ನಮಸ್ಕಾರ.

"ಅಗಲಿದವರ ಸದ್ಗುಣಗಳನ್ನಷ್ಟೇ ಹೇಳಪ್ಪ, ತರಲೆ ಬೇಡ" ಎಂದು ನಿರ್ದೇಶಕರು ಆಗಲೇ ಕಿವಿಮಾತು ಹೇಳಿದ್ದಾರೆ. ಅಪ್ಪಣೆ. ಸದ್ಗುಣಗಳನ್ನೇ ಹೇಳುತ್ತೇನೆ. ಯಾರಿಗಾದರೂ ಚುಚ್ಚಿದರೆ ತಪ್ಪು ಸದ್ಗುಣದ್ದು, ನನ್ನದಲ್ಲ.

ಆಹಾರದ ಕಾಳಿನ ಮೇಲೆ ಬೆಳೆಯುವ ಬೂಷ್ಟಿನೊಂದಿಗೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು ನಮ್ಮ ಬೂಷ್ಟಕ್ಕ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕೇಳಿದ್ದೆ: "ಅಕ್ಕಾ, ಬೂಷ್ಟು ಅಂದ್ರೆ ವಿಷ ತಾನೇ? ಎಸೆದ್ರಾಯ್ತಪ್ಪ."

ಅವರು ಕನ್ನಡಕವನ್ನು ಹಣೆಗೇರಿಸಿದರು — ಹೀಗೆ. "ಲೋ ಕೋತಿ, ಬೂಷ್ಟಿನ ಮನೇಲಿ ವಿಷ ಅಡುಗೆ ಮಾಡೋ ಜೀನುಗಳು ಇಪ್ಪತ್ತೈದಿವೆ ಕಣೋ. ಎಲ್ಲಾ ಒಂದೇ ಸಾಲಲ್ಲಿ, ಒಂದೇ ವಠಾರದ ಸೊಸೆಯಂದಿರ ಥರ. ಅವರ ಮೇಲೊಬ್ಬಳು ಅತ್ತೆ ಜೀನು. ಅತ್ತೆ ಕೂಗಿದ್ರೆ ಎಲ್ಲಾ ಒಲೆ ಹತ್ತುತ್ತೆ. ಅತ್ತೆ ಸುಮ್ಮನಿದ್ರೆ ಬೂಷ್ಟು ಹಸಿರುಹಸಿರಾಗಿ ಬೆಳೀತಾನೇ ಇರುತ್ತೆ, ವಿಷ ಮಾತ್ರ ಒಂದು ಹನಿಯೂ ಇರಲ್ಲ."

"ಅತ್ತೆ ಯಾವಾಗ ಕೂಗ್ತಾಳೆ?"

"ಸುಡುಸೆಕೇಲಿ ಅಲ್ಲ. ಆಗ ಬೂಷ್ಟು ಪೊದೆಪೊದೆಯಾಗಿ ಬೆಳೆಯುತ್ತೆ, ಅತ್ತೆ ನಿದ್ದೆ ಹೊಡೀತಾಳೆ. ಹಿತವಾಗಿ ಬೆಚ್ಚಗೆ, ಸ್ವಲ್ಪ ತೇವ — ಆಗ ನೋಡು, ಎದ್ದು ಟೊಂಕ ಕಟ್ತಾಳೆ."

ಬಂಧುಗಳೇ, ಈ ಮಾತು ನೆನಪಿರಲಿ. ಯಾಕೆಂದರೆ ನಮ್ಮ ಉಗ್ರಾಣದಲ್ಲಿ ತಪಾಸಣೆ ನಡೆಯುವುದು ಕಣ್ಣಿನಿಂದ. ಬೂಷ್ಟು ಕಂಡ ಚೀಲ ಹೊರಗೆ, ಕಾಣದ ಚೀಲ ಒಳಗೆ. ತುಸು ಕಂಡರೆ ಬ್ರಶ್ಶಿನಿಂದ ಉಜ್ಜಿ ಒಳಗೆ. ಶಾಲೆಮಕ್ಕಳ ಊಟಕ್ಕೆ ಹೋಗುವ ಮೆಕ್ಕೆಜೋಳ ಅದು! ಗಡ್ಡ ಬೋಳಿಸಿಕೊಂಡ ಮಾತ್ರಕ್ಕೆ ಕಳ್ಳ ಸಾಧುವಾಗುತ್ತಾನೆಯೇ?

ಹನ್ನೊಂದು ತಿಂಗಳ ಹಿಂದೆ ಅಕ್ಕ ಉಗ್ರಾಣಕ್ಕೆ ಹೋದರು. ಬಾಗಿಲ ಬಳಿಯ ಚೀಲ ಬಿಟ್ಟು, ನೀರಿನ ಪೈಪು ಬೆವರುವ ಹಿಂದಿನ ಗೋಡೆಯ ಸಾಲಿಗೇ ಕೈಹಾಕಿದರು. ಉಗ್ರಾಣದ ಮೇಲ್ವಿಚಾರಕರು ಕಾಳನ್ನು ಅಂಗೈಯಲ್ಲಿ ಹರಡಿ, "ಏನ್ ಮೇಡಂ, ಮುತ್ತಿನ ಥರ ಇದೆ!" ಎಂದರು. "ಮುತ್ತನ್ನ ಯಾರೂ ತಿನ್ನಲ್ಲ, ಇದನ್ನ ಮಕ್ಕಳು ತಿಂತಾರೆ" ಎಂದರು ಅಕ್ಕ. ಮೂರು ಸಲ ಪರೀಕ್ಷೆ ಮಾಡಿದರು. ಮಿತಿಯ ಆರು ಪಟ್ಟು ವಿಷ. ವರದಿ ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟರು. ಇವರ ಸಹಿ ಬಿದ್ದರೆ ಆ ಜೋಳ ನಿಲ್ಲಬೇಕಿತ್ತು.

ಬೀಳಲಿಲ್ಲ.

ಯಾಕೆ ಬೀಳಲಿಲ್ಲ? ಈಗ ನನ್ನ ಸದ್ಗುಣಕ್ಕೆ ಬರುತ್ತೇನೆ.

ಅಕ್ಕನ ಕಪಾಟಿನಲ್ಲಿ ಎರಡು ತಟ್ಟೆ ಬೂಷ್ಟು ಇತ್ತು. ಒಂದು ವಿಷದ್ದು, ಹೆಸರು 'ಜಗಳಗಂಟಿ'. ಇನ್ನೊಂದರಲ್ಲಿ ಅತ್ತೆ ಜೀನು ಕೆಟ್ಟುಹೋಗಿದೆ, ಹೆಸರು 'ಮೌನಿ'. ನೋಡಲು ಅವಳಿಜವಳಿ. ಅವರ ಹುಟ್ಟುಹಬ್ಬಕ್ಕೆಂದು ನಾನು ಎರಡರ ಚೀಟಿ ಅದಲುಬದಲು ಮಾಡಿದೆ. ಆ ತಮಾಷೆ ಬಾಳಿದ್ದು ನಾಲ್ಕೇ ನಿಮಿಷ! ವಿಷವನ್ನು ಹೊಳೆಯಿಸುವ ನೇರಳಾತೀತ ದೀಪ ಹಿಡಿದರು, ಜಗಳಗಂಟಿ ನೀಲಿಯಾಗಿ ಹೊಳೆಯಿತು, ನನ್ನ ಕಿವಿ ಕೆಂಪಾಯಿತು. ಆದರೆ ಅಕ್ಕ ಪ್ರಾಮಾಣಿಕರು ನೋಡಿ — ದಾಖಲೆ ಪುಸ್ತಕದಲ್ಲಿ ಬರೆದೇ ಬಿಟ್ಟರು: "ಇಂದು ಎರಡು ತಟ್ಟೆಗಳ ಚೀಟಿ ಅದಲುಬದಲಾಗಿತ್ತು. ಸರಿಪಡಿಸಿದೆ."

ಅದೊಂದು ಸಾಲು ಸಾಕಾಯಿತು. "ನಿಮ್ಮಲ್ಲಿ ಚೀಟಿಗಳೇ ಅದಲುಬದಲಾಗುತ್ತವೆ, ನಿಮ್ಮ ವರದಿಯನ್ನು ನಂಬುವುದು ಹೇಗೆ?" ಎಂದು ಬರೆದು ನಿರ್ದೇಶಕರು ವರದಿಯನ್ನು ಹಿಂದಿರುಗಿಸಿದರು. ಈ ಪತ್ರ ನನಗೆ ಸಿಕ್ಕಿದ್ದು ಹೋದ ವಾರ, ಅಕ್ಕನ ಡ್ರಾಯರು ಖಾಲಿ ಮಾಡುವಾಗ. ಜೊತೆಗೆ ಇನ್ನೊಂದು ಪತ್ರ: "ಬದಲಿಸಿದವರ ಹೆಸರು ಕೊಡಿ, ಕೆಲಸದಿಂದ ತೆಗೆಯುತ್ತೇವೆ." ಅದರ ಕೆಳಗೆ ಅಕ್ಕನ ಅಕ್ಷರದಲ್ಲಿ ಒಂದೇ ಮಾತು — "ಕೊಡುವುದಿಲ್ಲ."

ನನ್ನೊಡನೆ ದಿನಾ ಚಹಾ ಕುಡಿದರು. ಒಂದು ದಿನವೂ ಬಾಯಿಬಿಡಲಿಲ್ಲ. ಹನ್ನೊಂದು ತಿಂಗಳು ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದರು, ಪತ್ರ ಬರೆಯುತ್ತಿದ್ದ ಆ ಮೇಜಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು.

ಆ ಕೋತಿ ನಾನೇ. ಕೇಳಿಸಿತೇ, ಸಾಹೇಬರೇ? ಹೆಸರು ಬೇಕಿತ್ತಲ್ಲ, ತೆಗೆದುಕೊಳ್ಳಿ. ನಾನು ಚೀಟಿ ಬದಲಿಸಿದ್ದು ಐದನೇ ತಾರೀಖು. ಆ ಜೋಳದ ಮಾದರಿ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಅದೇ ತಿಂಗಳ ಇಪ್ಪತ್ತಕ್ಕೆ! ನಾಳೆ ಬರುವ ನೆಂಟನ ಚಪ್ಪಲಿಯನ್ನು ನಿನ್ನೆ ಕದಿಯುವಷ್ಟು ಜಾಣ ನಾನಲ್ಲ. ಎರಡು ತಾರೀಖು ಓದಿದ್ದರೆ ನಿಮಗೂ ತಿಳಿಯುತ್ತಿತ್ತು. ಓದಲಿಲ್ಲವೋ, ಓದಿಯೂ —

ಇರಲಿ. ಸದ್ಗುಣ, ಸದ್ಗುಣ.

ಅಕ್ಕ ಮೊಹರು ಹಾಕಿ ಶೀತಕೋಣೆಯಲ್ಲಿಟ್ಟಿದ್ದ ಉಳಿದ ಜೋಳದ ಮೊಹರನ್ನು ಮೊನ್ನೆ ಎಲ್ಲರೆದುರು ಒಡೆದೆವು. ಗಾಜು ತೊಳೆಯುವ ನಮ್ಮ ದೊಡ್ಡಮ್ಮ ಸಾಕ್ಷಿ. ಎರಡು ಸಲ ಪರೀಕ್ಷಿಸಿದೆವು. ಅದೇ ಆರು ಪಟ್ಟು. "ಹಂಗಾದ್ರೆ ಮಕ್ಕಳು ಇಷ್ಟು ದಿನ ಏನ್ ತಿಂದ್ವಪ್ಪಾ?" ಎಂದು ದೊಡ್ಡಮ್ಮ ಕೇಳಿದರು. ಉಗ್ರಾಣದ ಹಿಂದಿನ ಗೋಡೆಯ ಪಕ್ಕ ಇನ್ನೂ ಎರಡು ಸಾಲು ಚೀಲ ಇವೆ. ಅವನ್ನು ಶಾಲೆಗಳಿಗೆ ಒಯ್ಯಲು ಸೋಮವಾರ ಲಾರಿ ಬರುತ್ತದೆ.

ಅಕ್ಕನ ಭಾವಚಿತ್ರದ ಮುಂದೆ ಹೂವಿನ ಪಕ್ಕದಲ್ಲಿರುವುದು ಶೋಕಸಂದೇಶ ಎಂದು ನೀವೆಲ್ಲ ತಿಳಿದಿರಬಹುದು. ಅಲ್ಲ, ಅದು ಸಹಿ ಬೀಳದ ಆ ವರದಿ. ಪೆನ್ನನ್ನು ಅವರ ಮಗಳು ತಂದಿದ್ದಾಳೆ, ಅಮ್ಮನದೇ.

ಈಗ ಎಲ್ಲರೂ ಎದ್ದು ನಿಲ್ಲಬೇಕು, ಅಕ್ಕನಿಗಾಗಿ ಒಂದು ನಿಮಿಷ ಮೌನ. ಸಾಹೇಬರೇ, ನೀವು ಕೂತೇ ಇರಿ. ಹನ್ನೊಂದು ತಿಂಗಳು ಮೌನ ಆಚರಿಸಿದ್ದೀರಿ, ದಣಿದಿದ್ದೀರಿ. ಮೇಜು ನಿಮ್ಮ ಕೈಗೆಟುಕುತ್ತದೆ. ನಾವು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ — ಕಾಗದದ ಮೇಲೆ ಪೆನ್ನು ಓಡಿದರೆ ಕೊನೆಯ ಸಾಲಿನವರಿಗೂ ಕೇಳಿಸುವಷ್ಟು ಸುಮ್ಮನೆ.

ಏಳಿ.