ಅರ್ಜಿಯ ಕೆಳಗಿನ ಫೋಟೋ

ವಿಮಾ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮ ಅರ್ಜಿ ತುಂಬುತ್ತಿದ್ದ.

"ಕಟ್ತಿರೋ ಮನೇಲಿ ಯಾರಾದ್ರೂ ವಾಸ ಇದ್ರಾ ಅಂತ ಕೇಳಿದಾರೆ, ಅಕ್ಕ."

"ಇದ್ರೆ ಏನಂತೆ?"

"ವಾಸಕ್ಕೆ ಬಂದ ದಿನಾನೇ ಪಾಲಿಸಿ ಮುಗೀತಂತೆ."

"ಇಲ್ಲ ಅಂತ ಬರಿ."

"ಗೋಡೆ ಬಿದ್ದು ಅಮ್ಮ ಹೋಗಿದ್ದು ಅಲ್ಲೇ ಅಲ್ವಾ?"

"ಗೋಡೆಗೆ ನೀರು ಹಾಕೋಕೆ ಬಂದಿದ್ಲು ಅಂತ ಬರಿ."

ಅವನು ಬರೆದ.

"ಮೊದಲು ಮುಗಿದ ರೂಮು ತನಗೇ ಬೇಕು ಅಂತ ಹಟ ಮಾಡಿದ್ಲು, ಅಕ್ಕ."

"ಒಂದು ತಿಂಗಳಾದ್ರೂ ಇದ್ಲಲ್ಲ ಬಿಡು."

ಕೌಂಟರಿನಲ್ಲಿ ಅವರ ನಂಬರು ಕೂಗಿದರು. ಅರ್ಜಿ ಜೊತೆ ಕೊಡಲು ತಂದಿದ್ದ ಮನೆಯ ಫೋಟೋವನ್ನು ಅಕ್ಕ ಕೊನೆಯ ಸಲ ನೋಡಿದಳು.

"ಬಿದ್ದ ಗೋಡೆ ಹಿಂದೆ ಅಮ್ಮನ ಮಂಚ ಕಾಣತ್ತೆ ಕಣೋ. ಹೊದಿಕೆ ಮಡಚಿಟ್ಟಿದಾಳೆ."

"ದಿನಾ ಹಾಗೇ ಮಡಚಿಡ್ತಿದ್ಲು."

ಅವನು ಫೋಟೋವನ್ನು ಅರ್ಜಿಯ ಕೆಳಗಿಟ್ಟುಕೊಂಡ. ಇಬ್ಬರೂ ಕೌಂಟರಿನತ್ತ ನಡೆದರು.