ಕ್ಯಾಪ್ಟನ್ ಹೇಳಿದ ಸುಳ್ಳು

ಇಬ್ಬರ ಕೋಟುಗಳೂ ಆಗಲೇ ಕೈಗೆ ಸಿಕ್ಕಿದ್ದವು. ಆದರೂ ಮಾತು ಕೇಳುವ ಆಸೆಗೆ ಲಾಂಡ್ರಿಯಾಕೆ ಹುಡುಕುವ ನಾಟಕ ನಿಲ್ಲಿಸಲಿಲ್ಲ. ಕೌಂಟರಿನಾಚೆ ನಿಂತಿದ್ದ ಡುಮ್ಮನೂ ಕನ್ನಡಕದವನೂ ಅಷ್ಟು ಜೋರಾಗಿ ಮಾತಿಗೆ ಬಿದ್ದಿದ್ದರು.

“ಹಳೇ ಬಾಹ್ಯಾಕಾಶದ ಸೀರಿಯಲ್‌ನಲ್ಲಿ ಕ್ಯಾಪ್ಟನ್ ಏನಂತಾನೆ? ಆ ಗ್ರಹಕ್ಕೆ ನಾನು ಕಾಲೇ ಇಟ್ಟಿಲ್ಲ ಅಂತಾನೆ,” ಎಂದ ಡುಮ್ಮ. “ಈಗ ಅವನ ಹರೆಯದ ಕಥೆ ಅಂತ ಹೊಸದು ತೆಗೆದಿದಾರೆ, ಅದರಲ್ಲಿ ಹುಟ್ಟಿದ್ದೇ ಅಲ್ಲಿ! ಬರೆದವರಿಗೆ ತಲೆ ಬೇಡ್ವಾ?”

“ಅವರದೇನೂ ತಪ್ಪಿಲ್ಲ ಕಣೋ. ಕ್ಯಾಪ್ಟನ್ ಆವತ್ತು ಸುಳ್ಳು ಹೇಳಿದ್ದ.”

“ಈ ಮಾತು ಎಲ್ಲೋ ಕೇಳಿದೀನಲ್ಲ?”

“ನಮ್ಮ ವಾಚ್ ರಿಪೇರಿಯವನು ಹೇಳಿ ಹೇಳಿ ಗಂಟಲು ಹರ್ಕೊಂಡಿದ್ದು ಇದನ್ನೇ. ಕ್ಯಾಪ್ಟನ್ ಮೇಲೆ ಕೆಸರೆರಚ್ತೀಯಾ ಅಂತ ನೀನೇ ಅವನನ್ನ ನಮ್ಮ ಅಭಿಮಾನಿಗಳ ಗುಂಪಿನಿಂದ ತೆಗೆದುಹಾಕಿದೆ.”

“ನೀನು ಚಪ್ಪಾಳೆ ತಟ್ಟಿದ್ದೆಯಲ್ಲೋ!”

“ತಟ್ಟಿದ್ದೆ.”

ಡುಮ್ಮ ಕನ್ನಡಕದವನ ಜೇಬಿನತ್ತ ಕೈ ತೋರಿಸಿದ. “ಫೋನ್ ಹಚ್ಚು. ನೀನೇ ಗೆದ್ದೆ ಮಹಾರಾಯ ಅಂದುಬಿಡೋಣ.”

ಕನ್ನಡಕದವನು ಸ್ಪೀಕರ್ ಹಾಕಿದ. ಎತ್ತಿದ್ದು ವಾಚ್ ರಿಪೇರಿಯವನ ಹೆಂಡತಿ.

“ಅತ್ತಿಗೆ, ಹೊಸ ಸೀರಿಯಲ್ ನೋಡಿದನಾ ಅವನು? ಅವನು ಹೇಳಿದ್ದೇ ನಿಜ ಆಯ್ತು!”

“ನೀವು ಗುಂಪಿನಿಂದ ತೆಗೆದ ದಿನದಿಂದ ಅವರು ಕ್ಯಾಪ್ಟನ್ ಸೀರಿಯಲ್ ನೋಡೋದೇ ಬಿಟ್ರಲ್ಲಪ್ಪ.”

“ಯಾಕೆ, ಅಷ್ಟು ಕೋಪಾನಾ?”

“ಕೋಪ ಏನಿಲ್ಲ. ಒಬ್ಬನೇ ನೋಡಿ ಯಾರ ಹತ್ರ ಜಗಳ ಆಡ್ಲಿ ಅಂದ್ರು.”

ಲಾಂಡ್ರಿಯಾಕೆ ಇನ್ನು ಕೇಳಲಾರದೆ ಕೋಟುಗಳನ್ನು ತಂದು ಕೌಂಟರಿನ ಮೇಲಿಟ್ಟಳು. ಡುಮ್ಮ ಕನ್ನಡಕದವನ ಕೋಟು ಎತ್ತಿಕೊಂಡ, ಕನ್ನಡಕದವನು ಡುಮ್ಮನದು. ಅದಲುಬದಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹಾಗೇ ಬಾಗಿಲು ದಾಟಿ ಹೊರಟರು.